ಕೆರೆಗುಮ್ಮನ ಒಳಗೆ ಇಪ್ಪತ್ತಾರು ವಾರ

ಹೋದ ತಿಂಗಳು ನಮ್ಮ ಡ್ರೈವಿಂಗ್ ಸ್ಕೂಲಿನ ಹಳೇ ಕಾರಿಗೆ ಸೀಟ್ ಕವರ್ ಹಾಕಿಸಲು ಶಿವಾಜಿನಗರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಅಂಗಡಿಯವನು ರೆಕ್ಸಿನ್ ಹರಡಿ, ಟ್ಯೂಬಿನಿಂದ ಸಲ್ಯೂಷನ್ ಅಂಟು ಹಿಂಡಿ ಬೆರಳಿನಲ್ಲಿ ಸವರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕತ್ತಿನ ಹಿಂಭಾಗ ಬೆವರಿತು, ಮಂಡಿ ತಾನಾಗಿಯೇ ಮಡಿಚಿಕೊಂಡಿತು. "ಏನಾಯ್ತು ಮೇಡಂ? ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದುಕೊಟ್ಟ. ಏನೂ ಆಗಿಲ್ಲಪ್ಪ ಎಂದೆ. ಆಗಿದ್ದು ಇಷ್ಟೇ: ಒಂದು ಕಾಲದಲ್ಲಿ ಇಪ್ಪತ್ತಾರು ವಾರ ನಾನು ಆ ವಾಸನೆಯ ಒಳಗೇ ಬದುಕಿದ್ದೆ. ಆ ಇಪ್ಪತ್ತಾರು ವಾರಗಳ ಬಗ್ಗೆ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಸುಳ್ಳು ಬರೆದುಕೊಂಡಿದ್ದಾರೆ.

ಬರೆಯುವವರು ಬರೆದುಕೊಳ್ಳಲಿ. ನನಗೂ ಬರೆಯಲು ಬರುತ್ತದೆ.

ಕಂಟೋನ್ಮೆಂಟಿನ ಕಡೆ ಬೆಳೆದ ನನ್ನ ವಯಸ್ಸಿನವರಿಗೆ ಕೆರೆಗುಮ್ಮನ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಲಸೂರು ಕೆರೆಯ ಕೆಸರಿನಿಂದ ಎದ್ದು ಬಂದು ಊರಿನ ದುಷ್ಟರನ್ನೆಲ್ಲ ಎಳೆದೊಯ್ಯುವ ಒಂದು ರಾಕ್ಷಸನ ಕಥೆ ಅದು. ಒಟ್ಟು ಮೂರು ಸಿನಿಮಾ. ಪತ್ರಿಕೆಗಳು ಮೂರನ್ನೂ ಗೇಲಿ ಮಾಡಿದವು. ಆದರೆ ಶಿವಾಜಿನಗರದ ಥಿಯೇಟರುಗಳಲ್ಲಿ ಬೆಳಗಿನ ಆಟಕ್ಕೆ ಟಿಕೆಟ್ ಸಿಗುತ್ತಿರಲಿಲ್ಲ. ಹಲಸೂರಿನವರಿಗೆ ತಮಿಳಿನಲ್ಲಿ, ಶಿವಾಜಿನಗರದವರಿಗೆ ಹಿಂದಿಯಲ್ಲಿ ಡಬ್ ಆಗಿ, ಕೆರೆಗುಮ್ಮ ಮೂರು ಭಾಷೆಯಲ್ಲಿ ಗುಟುರು ಹಾಕಿದ. ಜನ ಹತ್ತಾರು ಸಲ ನೋಡಿದರು, ಪರದೆಯ ಮೇಲೆ ಮಾತು ಬರುವ ಮೊದಲೇ ತಾವೇ ಕೂಗಿ ಹೇಳಿದರು. ಕೆ.ಆರ್. ಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದ ನಮ್ಮಪ್ಪ ಕೂಡ ಅಂಥ ಒಬ್ಬ ಭಕ್ತರೇ. ಪಾಳಿ ಮುಗಿಸಿ ಮನೆಗೆ ಬರುವ ಬದಲು ನೇರ ಬೆಳಗಿನ ಆಟಕ್ಕೆ ಹೋಗಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ, ಆಗಷ್ಟೇ ಶುರುವಾಗಿದ್ದ ಒಂದು ಕನ್ನಡ ಚಾನೆಲ್ಲಿಗೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಧಾರಾವಾಹಿ ಬೇಕಾಗಿತ್ತು. ಸಿನಿಮಾಗಳ ನಿರ್ಮಾಪಕ ಗಂಗಣ್ಣ ಹೋಗಿ ಒಪ್ಪಿಸಿಕೊಂಡು ಬಂದರು. ಮೂರನೇ ಸಿನಿಮಾದಲ್ಲಿ ಕೆರೆಗುಮ್ಮ ಸತ್ತಿದ್ದ. ಸಾಯುವ ಮೊದಲು ಒಂದು ಮೊಟ್ಟೆ ಬಿಟ್ಟಿದ್ದನೆಂದೂ, ಅದು ಒಡೆದು ಹೊರಬಂದ ಮರಿ ಒಬ್ಬ ಸ್ಕೂಲ್ ಮೇಷ್ಟರ ಹಿತ್ತಿಲಲ್ಲಿ ಅಡಗಿ ಬೆಳೆಯುತ್ತದೆಂದೂ ಕಥೆ ಮಾಡಿದರು. ಗಂಡು ಮೊಟ್ಟೆ ಇಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಧಾರಾವಾಹಿಯ ಹೆಸರು 'ಕೆರೆಗುಮ್ಮನ ಮಗ'.

ನಾನು ಇಂದಿರಾನಗರದಲ್ಲಿ ಗಂಗಣ್ಣನವರ ಮನೆಯ ಮಹಡಿಯ ಆಫೀಸಿನಲ್ಲಿ ಕನ್ನಡ ಟೈಪಿಸ್ಟ್. ಹೆಸರು ವನಜಾ, ವಯಸ್ಸು ಇಪ್ಪತ್ತೆರಡು, ಎತ್ತರ ನಾಲ್ಕಡಿ ಎಂಟಂಗುಲ. ಈ ಕೊನೆಯ ವಿಷಯವನ್ನು ನಾನಾಗಿಯೇ ಹೇಳುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ, ಎಲ್ಲರೂ ಅವರವರೇ ಹೇಳುತ್ತಿದ್ದರು. ಆ ವರ್ಷ ಐದು ಗಂಡಿನ ಕಡೆಯವರು ಬಂದು ಉಪ್ಪಿಟ್ಟು ಕೇಸರಿಭಾತು ತಿಂದು, ನಾನು ಕಾಫಿ ಲೋಟ ಹಿಡಿದು ಎದ್ದು ನಿಂತಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗಿದ್ದರು. ತುಮಕೂರಿನವರು ಮಾತ್ರ ಒಂದು ಉಪಾಯ ಹೇಳಿದರು. ಮದುವೆಯ ಫೋಟೋ ತೆಗೆಯುವಾಗ ಹುಡುಗಿಯನ್ನು ಮಣೆಯ ಮೇಲೆ ನಿಲ್ಲಿಸಿದರೆ ಆಗಬಹುದಂತೆ. ಅಮ್ಮ ಸಂತೋಷದಿಂದ ತಲೆಯಾಡಿಸಿದಳು. ನಾನು ಒಳಗೆ ಹೋಗಿ ಮಣೆಯನ್ನು ಅಟ್ಟಕ್ಕೆ ಎಸೆದೆ.

ಚಿತ್ರೀಕರಣ ರಾಮಮೂರ್ತಿ ನಗರದಲ್ಲಿ, ಒಂದು ಕಾಲಕ್ಕೆ ಸಿಮೆಂಟಿನ ಗೋದಾಮಾಗಿದ್ದ ತಗಡಿನ ಶೆಡ್ಡಿನಲ್ಲಿ. ಅಂದಂದಿನ ಸಂಭಾಷಣೆ ಟೈಪು ಮಾಡಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಮೂರನೇ ದಿನ ಹೋದಾಗ ಅಲ್ಲಿ ಗಲಾಟೆ. ಮರಿಗುಮ್ಮನ ವೇಷಕ್ಕೆ ಹಲಸೂರಿನಿಂದ ಕರೆತಂದಿದ್ದ ಒಬ್ಬ ಗಿಡ್ಡ ಯುವಕ ವೇಷ ಹರಿದುಕೊಂಡು, "ಬದುಕಿದ್ದಾಗ್ಲೇ ಹೂತ ಹಾಗಾಗುತ್ತೆ, ನನ್ ಕೈಲಾಗಲ್ಲ" ಎಂದು ಓಡಿಹೋಗಿದ್ದ. ಅವನದು ತಪ್ಪಲ್ಲ. ಮೊದಲ ದಿನ ಬೆನ್ನಿಗೆ ಹಾಕಿದ್ದ ಜಿಪ್ಪು ಕ್ಯಾಮೆರಾದಲ್ಲಿ ಫಳಫಳ ಹೊಳೆದಿತ್ತು. ಅದಕ್ಕೇ ಜಿಪ್ಪು ಕಿತ್ತು, ಮನುಷ್ಯನನ್ನು ಒಳಗಿಟ್ಟು ಬೆನ್ನಿನಿಂದ ಕತ್ತಿನವರೆಗೆ ಹೊಲಿದುಬಿಡುವುದು ಎಂದಾಯಿತು. ಬೆಳಿಗ್ಗೆ ಹೊಲಿದರೆ ಸಂಜೆ ಬ್ಲೇಡಿನಿಂದ ಕತ್ತರಿಸುವವರೆಗೆ ಹೊರಗೆ ಬರುವ ಹಾಗಿಲ್ಲ.

ಹೊಲಿಯುವವರು ಬಶೀರ್ ಚಾಚಾ. ಶಿವಾಜಿನಗರದಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟವರು. ಮೂರು ಸಿನಿಮಾದ ಕೆರೆಗುಮ್ಮನೂ ಅವರ ಕೈಯಲ್ಲೇ ಹುಟ್ಟಿದ್ದ. ರೆಕ್ಸಿನ್, ಫೋಮು, ತೆಂಗಿನ ನಾರು, ಹಳೇ ಟೈರಿನ ಚೂರು, ಕಣ್ಣಿಗೆ ಸ್ಕೂಟರಿನ ಇಂಡಿಕೇಟರ್ ಗಾಜು. ಇಷ್ಟರಲ್ಲೇ ಅವರು ಒಂದು ಜೀವ ಮಾಡುತ್ತಿದ್ದರು. ಟೇಪು ಹಿಡಿದು ಅಳೆದದ್ದನ್ನು ನಾನು ನೋಡಿಲ್ಲ. ಗೇಣಿನಲ್ಲಿ ಅಳೆಯುತ್ತಿದ್ದರು, ಇಲ್ಲವೇ ಕಣ್ಣಿನಲ್ಲಿ.

ನಿರ್ದೇಶಕ ಸೆಲ್ವಂ ತಲೆ ಹಿಡಿದು ಕೂತಿದ್ದರು. ಹಲಸೂರಿನವರು, ಒಳ್ಳೆ ಮನುಷ್ಯ, ಸಿಟ್ಟು ಬಂದರೆ ಮಾತ್ರ ತಮಿಳು. "ಭಾನುವಾರಕ್ಕೆ ಟೇಪ್ ಕಳಿಸ್ಬೇಕು. ಈ ಸೈಜಿನ ಆಳನ್ನ ಈಗ ಎಲ್ಲಿಂದ ತರೋದು?" ಎಂದರು.

ಬಶೀರ್ ಚಾಚಾ ಬಾಯಲ್ಲಿದ್ದ ದಾರ ತೆಗೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಗಂಡಿನ ಕಡೆಯವರೂ ಹಾಗೇ ನೋಡುತ್ತಿದ್ದರು. ವ್ಯತ್ಯಾಸವೇನೆಂದರೆ, ಚಾಚಾನ ಮುಖ ಅರಳಿತು. "ಸಾಬ್, ಈ ಬೇಟಿ ಬರಾಬರ್ ಇದಾಳೆ" ಎಂದರು.

"ಒಂದೇ ದಿನ ಮಾ, ಪ್ಲೀಸ್" ಎಂದು ಸೆಲ್ವಂ ಕೈ ಮುಗಿದರು.

ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಜಾಗಕ್ಕೆ ನಾನು ಸರಿಯಾದ ಅಳತೆಯಲ್ಲಿದ್ದೆ. ಹೂಂ ಎಂದೆ.

ಹೈಸ್ಕೂಲಿನಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಕುಕ್ಕರುಗಾಲಿನಲ್ಲಿ ಕೂತು, ಬೆನ್ನಿಗೆ ಕೈ ಬಿದ್ದೊಡನೆ ಎದ್ದು ಓಡುವುದು ನನ್ನ ಕಾಲಿಗೆ ಗೊತ್ತಿತ್ತು. ವೇಷದೊಳಗೆ ಆ ಕಾಲು ಕೆಲಸಕ್ಕೆ ಬಂತು. ಮಂಡಿ ಅರ್ಧ ಮಡಿಸಿ, ಎಡ ಭುಜ ಇಳಿಸಿ, ಮೊದಲು ಮೂಗು ಮುಂದೆ ಚಾಚಿ ಆಮೇಲೆ ಮೈ ಎಳೆದುಕೊಳ್ಳುವ ಒಂದು ನಡಿಗೆ ಮಾಡಿದೆ. ಒಳಗೆ ಕತ್ತಲು, ಸಲ್ಯೂಷನ್ ಘಾಟು, ನನ್ನ ಉಸಿರೇ ನನಗೆ ಬಿಸಿಯಾಗಿ ವಾಪಸು ಬರುತ್ತಿತ್ತು. ಇಂಡಿಕೇಟರ್ ಗಾಜಿನಿಂದ ಲೋಕವೆಲ್ಲ ಹಳದಿ. ನಾನು ಮೂಲೆಯಿಂದ ಎದ್ದು ಬಂದಾಗ, ದಿನಾ ನನ್ನನ್ನು "ಏ ಗುಂಡುಸೂಜಿ" ಎಂದು ಕರೆಯುತ್ತಿದ್ದ ಲೈಟಿನವನು ಎರಡು ಹೆಜ್ಜೆ ಹಿಂದೆ ಸರಿದ. ಆ ಎರಡು ಹೆಜ್ಜೆಯ ರುಚಿ ಹತ್ತಿತು. ಒಂದು ದಿನ ಎರಡಾಯಿತು, ಎರಡು ಇಪ್ಪತ್ತಾರು ವಾರವಾಯಿತು.

ಅದು ಜೂನಿನಲ್ಲಿ ಶುರುವಾಗಿ ನವೆಂಬರಿನವರೆಗೆ ಬಿಡದ ಮಳೆಗಾಲ. ಗಂಗಣ್ಣ ಡಬ್ಬಿಂಗಿನ ಖರ್ಚು ಬೇಡವೆಂದು ಸ್ಥಳದಲ್ಲೇ ಧ್ವನಿ ಹಿಡಿಸುತ್ತಿದ್ದರು. ಮಳೆ ಬಂದರೆ ತಗಡಿನ ಶಬ್ದಕ್ಕೆ ಮಾತು ಕೇಳುತ್ತಿರಲಿಲ್ಲ. ಮಾತಿಲ್ಲದ ಪಾತ್ರ ಒಂದೇ, ನನ್ನದು. ಆದ್ದರಿಂದ ನಾಲ್ಕು ಹನಿ ಬಿದ್ದೊಡನೆ "ಗುಮ್ಮನ್ನ ಕರೀರಿ" ಎಂದು ಕೂಗುತ್ತಿದ್ದರು. ಬಿಸಿಲಿದ್ದರೆ ಹೊಲಿಸಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದೆ. ಚಾಚಾ ಹೊಸ ಪೆಟ್ರೋಲ್ ಪೈಪಿನ ತುಂಡೊಂದನ್ನು ಗುಮ್ಮನ ಬಾಯಿಯಿಂದ ತೂರಿಸಿ ಮಜ್ಜಿಗೆ ಕುಡಿಸುತ್ತಿದ್ದರು. ಜಾಸ್ತಿ ಕುಡಿಯುವಂತಿರಲಿಲ್ಲ, ಕಾರಣ ಹೇಳಬೇಕಿಲ್ಲ. ಮಹದೇವಪುರದ ಆಚೆ ಆಗಿನ್ನೂ ಉಳಿದಿದ್ದ ಒಂದು ಕೆರೆಯಲ್ಲಿ ಮುಳುಗಿ ಏಳುವ ದೃಶ್ಯ ತೆಗೆದ ದಿನ ವೇಷ ನೀರು ಕುಡಿದು ನನಗಿಂತ ಭಾರವಾಯಿತು. ನಾಲ್ಕು ಜನ ಹಗ್ಗ ಹಾಕಿ ಎಳೆದರು. ದಡಕ್ಕೆ ಬಂದು ಬಿದ್ದ ನನ್ನ ತಲೆ ತಟ್ಟಿ ಚಾಚಾ, "ಜಿಂದಾ ಹೈ ಕ್ಯಾ ಬೇಟಿ? ಕೈ ಆಡ್ಸು" ಎಂದರು. ಪಂಜ ಎತ್ತಿ ಆಡಿಸಿದೆ.

ಮನೆಯಲ್ಲಿ ನಾನು ಟೈಪಿಸ್ಟೇ. ಭಾನುವಾರ ಹತ್ತಕ್ಕೆ ಅಕ್ಕಪಕ್ಕದ ಕ್ವಾರ್ಟರ್ಸಿನವರೆಲ್ಲ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅಪ್ಪ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ಅವರೆಕಾಯಿಯೋ ಬಟಾಣಿಯೋ ಬಿಡಿಸುತ್ತ. ನಾನು ಟೀವಿಯಿಂದ ಹಲ್ಲು ಕಿರಿದರೆ ಮಕ್ಕಳು ಚೀರಿ ನನ್ನ ಬೆನ್ನ ಹಿಂದೆಯೇ ಅವಿತುಕೊಳ್ಳುತ್ತಿದ್ದವು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಹೇಳಿದರೆ ಅಮ್ಮ ಮಾರನೆಯ ದಿನದಿಂದಲೇ ಕೆಲಸ ಬಿಡಿಸುತ್ತಾಳೆ ಎಂದು ಗೊತ್ತಿತ್ತು. ಆ ಭಯವೊಂದೇ ನನ್ನ ಬಾಯಿ ಕಟ್ಟಿತ್ತು.

ಒಂಬತ್ತನೇ ವಾರದಲ್ಲಿ ಆ ತಪ್ಪು ನಡೆಯಿತು. ಹಸಿದ ಮರಿಗುಮ್ಮ ಮೇಷ್ಟರ ಅಡುಗೆಮನೆಗೆ ನುಗ್ಗಿ ಮುದ್ದೆ ಕದಿಯುವ ದೃಶ್ಯ. ಮಳೆ ಜೋರಾಗಿತ್ತು. ಮೇಜು ಹಾರಿ, ಮಡಕೆ ಒಡೆದು, ಮುದ್ದೆ ಬಾಚಿಕೊಂಡು ತಿರುಗುವಾಗ ನೆಲದಲ್ಲಿದ್ದ ಮಕ್ಕಳ ಪಠ್ಯಪುಸ್ತಕಕ್ಕೆ ನನ್ನ ಕಾಲು ತಾಗಿತು. ನನಗೆ ಅರಿವೇ ಇಲ್ಲ. ತಟ್ಟನೆ ಬಗ್ಗಿ, ಪುಸ್ತಕ ಮುಟ್ಟಿ, ಪಂಜವನ್ನು ಎರಡು ಇಂಡಿಕೇಟರ್ ಕಣ್ಣಿಗೂ ಒತ್ತಿಕೊಂಡು, ಆಮೇಲೆ ಕಿಟಕಿ ಹಾರಿದೆ.

"ಕಟ್!" ಸೆಲ್ವಂ ಓಡಿ ಬಂದರು. "ಅಯ್ಯಯ್ಯೋ! ರಾಕ್ಷಸ ಯಾಕ್ ಮಾ ಪುಸ್ತಕಕ್ಕೆ ನಮಸ್ಕಾರ ಮಾಡುತ್ತೆ?"

"ಕಾಲು ತಾಗ್ತು ಸಾರ್" ಎಂದೆ ಒಳಗಿನಿಂದ.

"ರಾಕ್ಷಸನಿಗೆ ಕಾಲು ತಾಗಿದ್ರೇನು ಮಾ!"

ಇನ್ನೊಮ್ಮೆ ತೆಗೆಯೋಣವೆಂದರೆ ಇದ್ದ ಒಂದೇ ಮಡಕೆ ಒಡೆದಿತ್ತು, ಮಳೆಯೂ ನಿಂತಿತ್ತು. ಹಾಗೇ ಹೋಗಲಿ ಎಂದು ಬಿಟ್ಟರು.

ಆ ಭಾನುವಾರ ನಮ್ಮ ಮನೆಯ ಚಾಪೆಯ ಮೇಲಿದ್ದ ಎದುರುಮನೆಯ ಅಜ್ಜಿ "ಅಯ್ಯೋ ಕಂದಾ" ಎಂದು ಟೀವಿಗೆ ಲಟಿಕೆ ಮುರಿದರು. ಅಪ್ಪ, "ನೋಡ್ರೀ, ಗುಮ್ಮನ ಮಗ ಆದ್ರೂ ಎಂಥ ನಡವಳಿಕೆ! ನಮ್ ಹುಡುಗ್ರು ಪುಸ್ತಕ ತುಳ್ಕೊಂಡು ಓಡಾಡ್ತವೆ" ಎಂದರು. ಮುಂದಿನ ವಾರದಿಂದ ಆಫೀಸಿಗೆ ಪತ್ರಗಳು ಚೀಲದಲ್ಲಿ ಬರತೊಡಗಿದವು. ತಾಯಂದಿರು ಬರೆದರು, ಮೇಷ್ಟರುಗಳು ಬರೆದರು. ಫ್ರೇಜರ್ ಟೌನಿನ ಒಬ್ಬ ತಾಯಿ, ನಮ್ಮ ಮನೆಯಲ್ಲಿ ನೆಲಕ್ಕೆ ಬಿದ್ದ ಪುಸ್ತಕವನ್ನು ಎತ್ತಿ ಮುತ್ತಿಡುವುದು ಪದ್ಧತಿ, ನಿಮ್ಮ ಗುಮ್ಮ ನಮ್ಮವನೇ ಎಂದು ಬರೆದಿದ್ದರು. ಆ ಪತ್ರಗಳನ್ನು ಒಡೆದು ಓದಿ ವಿಂಗಡಿಸುವ ಕೆಲಸವೂ ಟೈಪಿಸ್ಟಿನದೇ. ಇಂದಿರಾನಗರದ ಆ ಮಹಡಿಯಲ್ಲಿ ಒಬ್ಬಳೇ ಕೂತು ಓದಿ ನಾನು ಅತ್ತಿದ್ದೇನೆ. ಸಂತೋಷಕ್ಕೆ.

ಹದಿನೈದನೇ ವಾರ, ನಮ್ಮ ಮನೆಯ ಚಾಪೆಯ ಮೇಲೆ ಬಟಾಣಿ ಬಿಡಿಸುತ್ತಿದ್ದಾಗ, ಟೀವಿಯಲ್ಲಿ ಕಲಾವಿದರ ಹೆಸರುಗಳ ನಡುವೆ ಒಂದು ಹೊಸ ಸಾಲು ಬಂತು: 'ಕೆರೆಗುಮ್ಮನ ಮಗನಾಗಿ: ವಿಕ್ಕಿ'. ವಿಕ್ಕಿ ಗಂಗಣ್ಣನ ತಂಗಿಯ ಮಗ. ಇಪ್ಪತ್ತು ದಾಟಿದ, ಕೂದಲಿಗೆ ಎಣ್ಣೆ ಬದಲು ಜೆಲ್ ಹಚ್ಚುವ, ಶೆಡ್ಡಿನ ಬಾಗಿಲು ಕೂಡ ನೋಡಿರದ ಹುಡುಗ. ಅವನನ್ನು ಹೀರೋ ಮಾಡಿ ಗಂಗಣ್ಣ ಮುಂದಿನ ಸಿನಿಮಾ ತೆಗೆಯುವವರಿದ್ದರು. ಅದೇ ವಾರ ಪತ್ರಿಕೆಯೊಂದರಲ್ಲಿ ವಿಕ್ಕಿಯ ಸಂದರ್ಶನ. ಪುಸ್ತಕಕ್ಕೆ ನಮಸ್ಕರಿಸುವ ಕಲ್ಪನೆ ತನಗೆ ಧ್ಯಾನ ಮಾಡುವಾಗ ಹೊಳೆಯಿತಂತೆ.

ಅಪ್ಪ ಅದನ್ನು ಗಟ್ಟಿಯಾಗಿ ಓದಿ, ಕತ್ತರಿಸಿ, ತಮ್ಮ ಡೈರಿಯಲ್ಲಿಟ್ಟುಕೊಂಡರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಬೇರೆ ಯಾರು ನಂಬಿದರೂ ಸಹಿಸುತ್ತಿದ್ದೆನೇನೋ.

ಸೋಮವಾರ ಗಂಗಣ್ಣನ ಮುಂದೆ ಹೋಗಿ ನಿಂತೆ. "ಸಾರ್, ಅದು ನಾನು. ನನ್ನ ಹೆಸರು ಹಾಕಿ."

ಗಂಗಣ್ಣ ಕೂಗಾಡುವ ಮನುಷ್ಯನಲ್ಲ. ಕುರ್ಚಿ ತೋರಿಸಿದರು, ಕಾಫಿ ತರಿಸಿದರು. "ವನಜಾ, ನೀನು ನಮ್ಮನೆ ಮಗು ಇದ್ದ ಹಾಗೆ. ಒಳಗಿರೋದು ಹುಡ್ಗಿ ಅಂತ ಗೊತ್ತಾದ್ರೆ ಯಾರಮ್ಮ ಹೆದರ್ತಾರೆ?"

"ಇಷ್ಟು ವಾರ ಹೆದರಿದ್ರಲ್ಲ ಸಾರ್?"

"ಅದು ಗೊತ್ತಿಲ್ದೇ ಇದ್ದಿದ್ಕೆ. ನಾಳೆ ನಿನ್ ಮದುವೆ ಆಗ್ಬೇಕು. ರಾಕ್ಷಸನ ವೇಷ ಹಾಕೋಳು ಅಂದ್ರೆ ಯಾರ್ ಬರ್ತಾರೆ? ನಿನ್ ಒಳ್ಳೇದಕ್ಕೇ ಹೇಳ್ತಿದೀನಿ."

ನನ್ನ ಒಳ್ಳೆಯದನ್ನು ಬಯಸುವವರು ಆ ವರ್ಷ ವಿಪರೀತ ಜಾಸ್ತಿಯಾಗಿದ್ದರು. ಕೆಲಸ ಬಿಡಲಿಲ್ಲ. ಬಿಟ್ಟರೆ ಆ ನಡಿಗೆಯನ್ನೂ ವಿಕ್ಕಿಗೇ ಕೊಟ್ಟು ಹೋದಂತಾಗುತ್ತಿತ್ತು. ಹನ್ನೊಂದು ವಾರ ಹಲ್ಲು ಕಚ್ಚಿಕೊಂಡು, ಬೇಕೆಂದೇ ಒಂದು ವಾರಕ್ಕಿಂತ ಒಂದು ವಾರ ಚೆನ್ನಾಗಿ ಮಾಡಿದೆ.

ಇಪ್ಪತ್ತಾರನೇ ವಾರ ತುಂಬಿದ್ದಕ್ಕೆ ಹಲಸೂರು ಕೆರೆಯ ಹತ್ತಿರದ ಒಂದು ಮೈದಾನದಲ್ಲಿ ಮಧ್ಯಾಹ್ನದ ಸಮಾರಂಭ. ಮರಿಗುಮ್ಮ ವೇದಿಕೆಯ ಮೇಲೆ ಕುಣಿದು, ಹಾರಿ, ಪರದೆಯ ಹಿಂದೆ ಹೋಗಬೇಕು. ಅಲ್ಲಿ ನನ್ನನ್ನು ಬಿಚ್ಚಿ, ನನ್ನ ತಲೆಯನ್ನು ವಿಕ್ಕಿಯ ಕೈಗೆ ಕೊಡಬೇಕು. ಕತ್ತಿನವರೆಗೆ ಅವನಿಗಾಗಿ ಹೊಸ ಜಿಪ್ಪಿನ ವೇಷ ಸಿದ್ಧವಾಗಿತ್ತು. ತಲೆ ಮಾತ್ರ ಇದ್ದದ್ದು ಒಂದೇ. ಆ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಅವನು ಮುಖ ತೋರಿಸುತ್ತ ಜನರ ಮುಂದೆ ಬರುತ್ತಾನೆ. ಇದು ಏರ್ಪಾಡು.

ಬೆಳಿಗ್ಗೆ ಚಾಚಾ ಸೂಜಿಗೆ ದಾರ ಪೋಣಿಸುವಾಗ ಹೇಳಿದೆ: "ಚಾಚಾ, ಪರದೆ ಹಿಂದೆ ನನ್ನ ಬಿಚ್ಚಬೇಡಿ. ಜನರ ಮುಂದೆ ಬಿಚ್ಚಿ."

ಅವರು ಸೂಜಿ ಕೆಳಗಿಟ್ಟರು. ಗಂಗಣ್ಣನ ಕೆಲಸ ಕೈತಪ್ಪಿದರೆ ಅವರಿಗೆ ಮತ್ತೆ ಬೈಕಿನ ಸೀಟೇ ಗತಿ. ಆಮೇಲೆ, "ಮೂರು ಪಿಕ್ಚರ್ ಹೊಲ್ದೆ ಬೇಟಿ. ಮೂರರಲ್ಲೂ ಲಾಸ್ಟ್ ತನಕ ಕೂತು ನೋಡ್ದೆ, ನನ್ ಹೆಸ್ರು ಬರುತ್ತೆ ಅಂತ. ಟೀ ಕೊಡೋರ ಹೆಸ್ರೂ ಬಂತು" ಎಂದರು. ಮತ್ತೆ ಸೂಜಿ ತೆಗೆದುಕೊಂಡು, ದಾರವನ್ನು ಎರಡೆಳೆ ಮಾಡಿ, ಹಲ್ಲಿನಿಂದ ಕಚ್ಚಿ ಗಂಟು ಹಾಕಿದರು. "ಆಮೇಲೆ ಅಳೋದು ನಕ್ಕೋ. ಆಯ್ತಾ?"

"ಅಳಲ್ಲ ಚಾಚಾ."

ಮಳೆ ಸಣ್ಣಗೆ ಜಿನುಗುತ್ತಿತ್ತು. ಮೈದಾನ ತುಂಬಿತ್ತು. ಬುರ್ಖಾ ಹಾಕಿದ ತಾಯಂದಿರು, ಕಾರ್ಖಾನೆ ಕಾಲನಿಗಳ ಸಂಸಾರಗಳು, ಪ್ಲಾಸ್ಟಿಕ್ ಚೀಲ ತಲೆಗೆ ಹಾಕಿಕೊಂಡ ಮಕ್ಕಳು. ಕುಣಿದೆ, ಹಾರಿದೆ, ಪರದೆಯ ಹಿಂದೆ ಹೋದೆ. ಅಲ್ಲಿ ವಿಕ್ಕಿ ಜೆಲ್ ಹಚ್ಚಿ ನಿಂತಿದ್ದ. ಗಂಗಣ್ಣ, "ಬಶೀರ್, ಬೇಗ ಕತ್ತರ್ಸು, ಬೇಗ" ಎಂದರು.

ಚಾಚಾ ಜೇಬೆಲ್ಲ ತಡಕಾಡಿದರು. "ಬ್ಲೇಡ್ ಮರ್ತು ಬಂದ್ಬಿಟ್ಟೆ ಸಾಬ್."

ಬ್ಲೇಡು ಅವರ ಟೋಪಿಯ ಮಡಿಕೆಯಲ್ಲಿತ್ತು. ಗಂಗಣ್ಣ ಗುಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ವಿಕ್ಕಿಯೂ ಕೈ ಹಾಕಿದ. ಅವರು ಎಳೆದದ್ದಕ್ಕೆ ನನ್ನ ಕತ್ತು ಉಳುಕಿತು, ಚಾಚಾನ ಎರಡೆಳೆ ದಾರ ಜಗ್ಗಲಿಲ್ಲ. ಕೊಸರಿಕೊಂಡು ನಾನು ವಾಪಸು ವೇದಿಕೆಗೆ ನಡೆದೆ. ಚಾಚಾ ಹಿಂದೆಯೇ ಬಂದರು. ಜನ ಇನ್ನೊಂದು ಕುಣಿತವೆಂದು ಶಿಳ್ಳೆ ಹಾಕಿದರು. ನಾನು ಅವರಿಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತೆ. ಚಾಚಾ ಟೋಪಿಯಿಂದ ಬ್ಲೇಡು ತೆಗೆದು ಕತ್ತಿನಿಂದ ಸೊಂಟದವರೆಗೆ ಸರ್ರನೆ ಇಳಿಸಿದರು.

ಮುಂದಿನ ಸಾಲಿನ ಮಕ್ಕಳು ಗುಮ್ಮನನ್ನು ಕೊಂದೇಬಿಟ್ಟರೆಂದು ಗೊಳೋ ಎಂದು ಅತ್ತವು. ನಾನು ತಲೆ ಕಳಚಿ, ವೇಷದಿಂದ ಹೊರಬಂದು, ಎದ್ದು ತಿರುಗಿದೆ. ಮೈಗಂಟಿದ ಹಳೇ ಟೀ ಶರ್ಟು, ತಮ್ಮನ ಟ್ರ್ಯಾಕ್ ಪ್ಯಾಂಟು, ಬೆವರಿಗೆ ಕತ್ತಿಗೆ ಅಂಟಿದ ಎರಡು ಜಡೆ. "ಲೇ, ಹುಡ್ಗಿ ಕಣೋ!" ಎಂದು ಯಾರೋ ಕೂಗಿದರು, ಒಂದಷ್ಟು ಜನ ನಕ್ಕರು. ಮೈಕು ಗಂಗಣ್ಣನ ಕೈಯಲ್ಲಿತ್ತು. "ತಮಾಷೆ, ಇದು ಒಂದು ತಮಾಷೆ, ನಿಜವಾದ ಕಲಾವಿದರು ಈಗ ಬರ್ತಾರೆ" ಎನ್ನುತ್ತಿದ್ದರು.

ನನಗೆ ಮೈಕು ಬೇಕಿರಲಿಲ್ಲ. ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳಿಗೆ ಗಂಟಲು ಚೆನ್ನಾಗಿಯೇ ಇತ್ತು. "ನಾನು ವನಜಾ. ಕೆ.ಆರ್. ಪುರಂ. ಇಪ್ಪತ್ತಾರು ವಾರ ಒಳಗಿದ್ದಿದ್ದು ನಾನೇ. ಇದನ್ನ ಹೊಲ್ದಿದ್ದು ಬಶೀರ್ ಚಾಚಾ. ಮೂರು ಸಿನಿಮಾನೂ ಅವರೇ ಹೊಲ್ದಿದ್ದು" ಎಂದು ಕೂಗಿದೆ.

ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅಳು ನಿಲ್ಲಿಸಿದ ಒಂದು ಹುಡುಗಿ, ಏಳೆಂಟು ವರ್ಷವಿರಬೇಕು, ತಾಯಿಯ ಕೈ ಬಿಡಿಸಿಕೊಂಡು ವೇದಿಕೆಯ ಹತ್ತಿರ ಬಂದು ಅನುಮಾನದಿಂದ ನೋಡಿದಳು. "ಹಾಗಾದ್ರೆ ನಡ್ದು ತೋರ್ಸು" ಎಂದಳು.

ಮಂಡಿ ಮಡಿಸಿದೆ. ಎಡ ಭುಜ ಇಳಿಸಿದೆ. ಮೂಗು ಚಾಚಿ, ಮೈ ಎಳೆದುಕೊಂಡು, ವೇದಿಕೆಯ ಆ ತುದಿಯಿಂದ ಈ ತುದಿಗೆ ವೇಷವಿಲ್ಲದ ಗುಮ್ಮನಾಗಿ ನಡೆದೆ. ಅರ್ಧ ದಾರಿಗೇ ಶಿಳ್ಳೆ ಶುರುವಾಯಿತು. ತುದಿ ಮುಟ್ಟುವಷ್ಟರಲ್ಲಿ ಗಂಗಣ್ಣನ ಮೈಕು ಏನು ಹೇಳುತ್ತಿದೆಯೆಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಸೆಲ್ವಂ ವೇದಿಕೆಯ ಪಕ್ಕದಲ್ಲಿ ನಿಂತು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಅಂಥ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ, ಸಿಗದಿದ್ದರೂ ಬೇಜಾರಿಲ್ಲ.

ಮಾರನೆಯ ದಿನವೇ ನನ್ನನ್ನೂ ಚಾಚಾನನ್ನೂ ತೆಗೆದುಹಾಕಿದರು. ವಿಕ್ಕಿ ಜಿಪ್ಪಿನ ವೇಷದಲ್ಲಿ ಐದು ವಾರ ನಡೆದ, ಆದರೆ ನೋಡುವವರು ಇರಲಿಲ್ಲ. ಧಾರಾವಾಹಿ ನಿಂತಿತು. ಹೆಸರಿನ ಸಾಲು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ಇವತ್ತು ಹುಡುಕಿದರೂ ಅದೇ ಹೆಸರು ಬರುತ್ತದೆ. ಚಾಚಾ ಕೊನೆಯವರೆಗೆ ಸೀಟ್ ಕವರ್ ಹೊಲಿದರು. ಅಂಗಡಿಗೆ ಹೋದಾಗಲೆಲ್ಲ ಗಿರಾಕಿಗಳಿಗೆ, "ಇವಳೇ ನನ್ ಗುಮ್ಮ" ಎಂದು ನನ್ನನ್ನು ತೋರಿಸುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೈದಾನಕ್ಕೆ ಹೋಗಿದ್ದ ಪಕ್ಕದ ಮನೆಯವರು ನಾನು ಬಸ್ಸಿಳಿಯುವ ಮೊದಲೇ ಸುದ್ದಿ ಮುಟ್ಟಿಸಿದ್ದರು. ಮಂಗಳವಾರ ತುಮಕೂರಿನಿಂದ ಫೋನು ಬಂತು, ಮಣೆಯ ಮೇಲೂ ನನ್ನನ್ನು ನಿಲ್ಲಿಸಲು ಅವರಿಗೆ ಇನ್ನು ಇಷ್ಟವಿರಲಿಲ್ಲ. ಅಮ್ಮ ಮಾತು ಬಿಟ್ಟಳು. ಅಪ್ಪ ಮೊದಲ ದಿನ ಒಂದೇ ಮಾತು ಕೇಳಿದರು: "ಪ್ರತಿ ಭಾನುವಾರ ನನ್ ಪಕ್ಕದಲ್ಲೇ ಕೂತಿದ್ಯಲ್ಲಮ್ಮ, ನನಗೂ ಹೇಳ್ಬೇಕು ಅನ್ನಿಸ್ಲಿಲ್ವಾ?" ಅವರು ಎದ್ದು ಹೊರಗೆ ಹೋದರು. ಇಡೀ ಇಪ್ಪತ್ತಾರು ವಾರದಲ್ಲಿ ನನಗೆ ನಾಚಿಕೆಯಾದದ್ದು ಅದೊಂದೇ ಸಲ.

ಬುಧವಾರ ಬೆಳಿಗ್ಗೆ ಆಫೀಸಿನ ಬೀಗದ ಕೈ ಹಿಂದಿರುಗಿಸಲು ಇಂದಿರಾನಗರಕ್ಕೆ ಹೊರಟೆ. ಕ್ವಾರ್ಟರ್ಸಿನ ಗೇಟಿನಲ್ಲಿ ಕಾರ್ಖಾನೆಯ ಬಸ್ಸಿಗೆ ಮೂವತ್ತು ನಲವತ್ತು ಜನ ಸಾಲಾಗಿ ನಿಂತಿದ್ದರು, ಅಪ್ಪನೂ ಇದ್ದರು. ಅವರ ಕಣ್ಣಿಗೆ ಬೀಳದಿರಲೆಂದು ನಾನು ಹಿಂದೆ, ಮರದ ಮರೆಯಲ್ಲಿ ನಿಂತೆ.

ಸಾಲಿನಲ್ಲಿದ್ದ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಏನ್ರೀ, ನಿಮ್ ಮಗಳು ರಾಕ್ಷಸನ ವೇಷ ಹಾಕ್ತಾಳಂತೆ? ಟೈಪಿಸ್ಟು ಅಂತಿದ್ರಿ?" ಎಂದರು. ನಾಲ್ಕು ಜನ ನಕ್ಕರು.

ಅಪ್ಪ ಟಿಫಿನ್ ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಹೌದ್ರೀ, ಹಾಕಿದ್ಲು. ಇಪ್ಪತ್ತಾರು ವಾರ ಹಾಕಿದ್ಲು. ನೀವೂ ನಮ್ಮನೆ ಚಾಪೆ ಮೇಲೆ ಕೂತು ನೋಡಿದ್ರಲ್ಲ? ಗೊತ್ತಾಯ್ತಾ ನಿಮ್ಗೆ? ಹೆತ್ತಪ್ಪ ನನಗೇ ಗೊತ್ತಾಗ್ಲಿಲ್ಲ. ಹಾಗೆ ಮಾಡಿದ್ಲು ನನ್ ಮಗಳು. ಏನೀಗ?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಅಪ್ಪ ತಿರುಗಿ ನೇರ ನಾನಿದ್ದ ಮರದ ಕಡೆ ನೋಡಿದರು. ಅಲ್ಲಿದ್ದೇನೆಂದು ಅವರಿಗೆ ಮೊದಲೇ ಗೊತ್ತಿತ್ತು.

"ಯಾಕಮ್ಮ ಹಿಂದೆ ನಿಂತಿದೀಯ?" ಎಂದರು. "ಮುಂದೆ ಬಾ. ಎಲ್ರೂ ಮುಖ ನೋಡ್ಲಿ."

ನಾನು ಮುಂದೆ ಹೋಗಿ ಅಪ್ಪನ ಪಕ್ಕದಲ್ಲಿ ನಿಂತೆ.